ನಾಟಿ ಹುಡುಕಿದೆ, ಕಿಡ್ನಿ ಸಿಕ್ಕಿತು

ನಲವತ್ತಾರನೇ ವಯಸ್ಸಿನಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿದವನು ನಾನು. ರಾಯಚೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ, ನನ್ನ ಹತ್ತಿರವೇ ಕಲಿತ ವಿದ್ಯಾರ್ಥಿನಿಯೊಬ್ಬಳು ಡಾಕ್ಟರೇಟ್ ಮುಗಿಸಿಕೊಂಡು ನಮ್ಮ ವಿಭಾಗಕ್ಕೇ ಬಂದು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಮರುವಾರವೇ ನಾನು ಅರ್ಜಿ ಹಾಕಿದೆ. ಕಾರಣ ಕೇಳಿದವರಿಗೆಲ್ಲ ಜ್ಞಾನದ ಹಸಿವು ಎಂದು ಹೇಳುತ್ತಿದ್ದೆ.

ವಿಷಯವನ್ನು ನಾನು ಆರಿಸಿದ್ದಲ್ಲ, ಗೈಡ್ ಕೊಟ್ಟದ್ದು. ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳ ಕೈಕಾಲಿನ ಚರ್ಮದ ತೊಂದರೆಗಳು. ನಮ್ಮೂರು ಪೋತ್ನಾಳ. ಅಲ್ಲಿ ಭತ್ತಕ್ಕೆ ನೆಲ್ಲು ಎನ್ನುತ್ತಾರೆ, ಮನೆಯ ಬಾಗಿಲು ತೆರೆದರೆ ನೆಲ್ಲಿನ ಗದ್ದೆ. ತಿರುಗಾಟ ಕಡಿಮೆಯಾಗುತ್ತದೆ ಎಂಬ ಒಂದೇ ಲೆಕ್ಕದಲ್ಲಿ ಒಪ್ಪಿಕೊಂಡೆ. ಹೊರಗೆ ಮಾತ್ರ, ಹುಟ್ಟಿದ ಮಣ್ಣಿನ ಋಣ ತೀರಿಸುತ್ತಿದ್ದೇನೆ ಎಂಬ ಅರ್ಥ ಬರುವ ಹಾಗೆ ಮಾತಾಡುತ್ತಿದ್ದೆ.

"ಗದ್ದೆಗೆ ಆಮ್ಯಾಲೆ ಹೋಗೀರಂತ," ಅಂದರು ಗೈಡ್. "ಮೊದಲು ಜಗತ್ತಿನಾಗ ಇದರ ಬಗ್ಗೆ ಯಾರ್‍ಯಾರು ಏನೇನು ಬರದಾರ, ಎಲ್ಲಾ ಹುಡುಕ್ರಿ. ಹೆಂಗಂದ್ರ ಹಂಗಲ್ಲ, ವ್ಯವಸ್ಥಿತವಾಗಿ."

ಇದಕ್ಕೆ ಕನ್ನಡದಲ್ಲಿ ವ್ಯವಸ್ಥಿತ ಸಾಹಿತ್ಯ ವಿಮರ್ಶೆ ಎಂದು ಹೆಸರಿಟ್ಟುಕೊಂಡು ಪಕ್ಕದ ಮನೆಯ ನಿವೃತ್ತ ಕನ್ನಡ ಮಾಸ್ತರರಿಗೆ ಹೇಳಿದೆ. ಅವರು ಬಹಳ ಸಂತೋಷಪಟ್ಟು, "ಯಾವ ಕವಿ ತಗೊಂಡೀರಿ?" ಎಂದು ಕೇಳಿದರು. ಕವಿ ಅಲ್ಲ, ತುರಿಕೆ ಎಂದು ಹೇಳಬೇಕಾಯಿತು. ಆಮೇಲೆ ಅವರು ನನ್ನ ಓದಿನ ವಿಚಾರ ಎತ್ತಲಿಲ್ಲ.

ಕೆಲಸದ ಕ್ರಮ ಇಷ್ಟು. ವಿಜ್ಞಾನದ ಪತ್ರಿಕೆಗಳಲ್ಲಿ ಅಚ್ಚಾದ ಲೇಖನಗಳ ಪಟ್ಟಿ ಇರುವ ದೊಡ್ಡ ಡೇಟಾಬೇಸುಗಳಿವೆ. ಅವುಗಳಲ್ಲಿ ಇಂಗ್ಲಿಷ್ ಪದಗಳನ್ನು ಒಂದಕ್ಕೊಂದು ಜೋಡಿಸಿ ಹುಡುಕಬೇಕು. ಎರಡು ಪದಗಳ ನಡುವೆ ಆ್ಯಂಡ್ ಎಂದು ಹಾಕಿದರೆ ಎರಡೂ ಇರುವ ಲೇಖನ ಬರುತ್ತದೆ, ಆರ್ ಎಂದರೆ ಯಾವುದಾದರೊಂದು ಇದ್ದರೂ ಸಾಕು, ನಾಟ್ ಎಂದರೆ ಆ ಪದವಿರುವ ಲೇಖನ ಬೇಡವೇ ಬೇಡ. ಬಂದ ಪಟ್ಟಿಯನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಬೇರೆ ಬೇರೆಯಾಗಿ ಕೂತು ಜಾಲಿಸಬೇಕು. ಯಾವ ದಿನ ಯಾವ ಪದ ಹಾಕಿದೆ, ಎಷ್ಟು ಬಂತು ಎಂದು ಎಲ್ಲವನ್ನೂ ಬರೆದಿಡಬೇಕು. ಇದನ್ನು ಕೇಳಿದಾಗ ನನಗೆ ಅನ್ನಿಸಿದ್ದು, ನಾಲ್ಕು ಭಾನುವಾರದ ಕೆಲಸ ಎಂದು.

ಮೊದಲ ಭಾನುವಾರ ಕೂತೆ. ನಾಟಿಗೆ ಇಂಗ್ಲಿಷಿನಲ್ಲಿ ಟ್ರಾನ್ಸ್‌ಪ್ಲಾಂಟ್ ಎನ್ನುತ್ತಾರೆ. ಅದನ್ನು ಹಾಕಿದೆ. ಮಹಿಳೆ ಎಂದು ಹಾಕಿದೆ. ಚರ್ಮ ಎಂದು ಹಾಕಿದೆ. ನೆಲ್ಲು ಎಂಬ ಪದ ಹಾಕಲಿಲ್ಲ. ನಾಟಿ ಎಂದ ಮೇಲೆ ನೆಲ್ಲಲ್ಲದೆ ಇನ್ನೇನಿರಲು ಸಾಧ್ಯ? ಮಾನ್ವಿ ತಾಲೂಕಿನಲ್ಲಿ ಹುಟ್ಟಿ ಬೆಳೆದವನಿಗೆ ಬೇರೆ ಯೋಚನೆ ಬರುವುದಿಲ್ಲ. ಗುಂಡಿ ಒತ್ತಿದೆ. ಸಾವಿರಗಟ್ಟಲೆ ಲೇಖನಗಳು ಬಂದವು. ಜಗತ್ತು ನಮ್ಮ ಹೆಣ್ಣುಮಕ್ಕಳ ಬಗ್ಗೆ ಇಷ್ಟು ಕಾಳಜಿ ಮಾಡಿದೆಯಲ್ಲ ಎಂದು ಕಣ್ಣು ತೇವವಾಯಿತು. ಪರದೆಯ ಮೇಲೆ ಓದಿದರೆ ತಲೆ ನೋಯುತ್ತದೆಂದು ಮೊದಲ ನೂರಿನ್ನೂರು ಶೀರ್ಷಿಕೆಗಳನ್ನು ಪ್ರಿಂಟ್ ತೆಗೆಸಿಕೊಂಡು ಬಂದು, ಪೆನ್ನು ಹಿಡಿದು ಊಟದ ಮೇಜಿನ ಮೇಲೆ ಹರಡಿದೆ. ಎಲ್ಲವೂ ಕಿಡ್ನಿ. ಕಿಡ್ನಿ ಕಸಿ ಮಾಡಿಸಿಕೊಂಡ ಹೆಂಗಸರು, ಲಿವರ್ ಕಸಿ ಮಾಡಿಸಿಕೊಂಡ ಹೆಂಗಸರು, ಅವರ ಚರ್ಮ. ಕನ್ನಡದಲ್ಲಿ ನಾಟಿ ಬೇರೆ, ಕಸಿ ಬೇರೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಕೂತಿದ್ದಾರೆ. ನಾನು ನರ್ಸಿಂಗ್ ಮೇಷ್ಟ್ರು ಎಂಬುದನ್ನು ಇಲ್ಲಿ ಇನ್ನೊಮ್ಮೆ ನೆನಪಿಸಬೇಕಾಗಿಲ್ಲ.

ಗೈಡ್‌ಗೆ ಫೋನು ಮಾಡಿದೆ. ನನ್ನ ಹೆಂಡತಿ ಅಡುಗೆಮನೆಯಲ್ಲಿದ್ದಳು. ಆ ಕಡೆಯಿಂದ ಗೈಡ್ ಹೇಳಿದ್ದು ಆಕೆಗೆ ಕೇಳಲಿಲ್ಲ. ನಾನು ಹೇಳಿದ್ದು ಮಾತ್ರ ಕೇಳಿತು. ಅದು ಹೀಗಿತ್ತು:

"ಬರೇ ಕಿಡ್ನೀದ ತೊಂದರಿ ಆಗೇದ್ರಿ ಸರ್... ಹೂಂ ಸರ್, ತಗದು ಹಾಕಲೇಬೇಕು... ವಾರ ಆದ್ರೂ ಬೇಕಾಗ್ತದ್ರಿ... ಇಲ್ರಿ, ಮನ್ಯಾಗ ಇನ್ನೂ ಯಾರ ಮುಂದೂ ಹೇಳಿಲ್ಲ. ಸುಮ್ಮನ ಗಾಬರಿ ಆಗ್ತಾರ."

ಮನೆಯಲ್ಲಿ ಹೇಳದೆ ಇದ್ದದ್ದು ನಾನು ಓದಿನಲ್ಲಿ ಹಿಂದೆ ಬಿದ್ದ ಸಂಗತಿ. ಆದರೆ ಮೇಜಿನ ಮೇಲೆ ಕಿಡ್ನಿಯ ಕಾಗದಗಳು ಹರಡಿದ್ದವು, ಕೆಲವು ಸಾಲುಗಳ ಕೆಳಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಅದೇ ವಾರ ಬಿಪಿ ಬೇರೆ ತೋರಿಸಿಕೊಂಡು ಬಂದಿದ್ದೆ. ಹೆಂಡತಿ ನನ್ನನ್ನು ಏನೂ ಕೇಳಲಿಲ್ಲ. ರಾತ್ರಿ ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡು ಮೇಲೆ ಉದುರಿಸಿಕೊಂಡೆ. ಆಕೆ ನನ್ನನ್ನೇ ನೋಡುತ್ತಾ ಕೂತಿದ್ದಳು.

ಮರುದಿನ ಬೆಳಿಗ್ಗೆ ನಾನು ಗಡ್ಡ ಹೆರೆದುಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ನನ್ನ ಅಕ್ಕ ನಿಂತಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ಪೋತ್ನಾಳದಲ್ಲೇ ಇರುತ್ತಾಳೆ. ನಾಟಿಯ ಸೀಜನ್ನಿನಲ್ಲಿ ಹನ್ನೆರಡು ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಊರೂರ ಗದ್ದೆಗೆ ಹೋಗುತ್ತಾಳೆ. ಆಗ ಸೀಜನ್ ಜೋರಾಗಿತ್ತು. ಅಂಥಾದ್ದರಲ್ಲಿ ಮೊದಲ ಬಸ್ಸಿಗೆ ರಾಯಚೂರಿಗೆ ಬಂದಿದ್ದಾಳೆಂದರೆ ಏನೋ ಆಗಿದೆ ಎಂದು ನಾನೇ ಗಾಬರಿಯಾದೆ.

"ಯಾಕಕ್ಕಾ, ಏನಾತು?"

"ನನಗ್ಯಾಕ ಕೇಳ್ತಿ? ನಿನಗೇನಾಗ್ಯದ ಅದನ್ನ ಹೇಳು," ಅಂದಳು. ನನ್ನ ಮುಖದ ನೊರೆಯನ್ನೂ ಲೆಕ್ಕಿಸದೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಮಾರಿ ಬಾತದ ನೋಡು."

ಹೆಂಡತಿ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಕೂರಲಿಲ್ಲ. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ನಾ ಏನೂ ತಿಂದಿಲ್ಲ ಕುಡದಿಲ್ಲ. ನಮ್ಮೂರ ದವಾಖಾನಿ ಸಿಸ್ಟರ್‌ಗೆ ಕೇಳೀನಿ. ರಕ್ತ ತಪಾಸಣಿ ಮಾಡ್ತಾರ, ಖಾಲಿ ಹೊಟ್ಟಿಲೆ ಹೋಗು ಅಂದಾಳ. ದೇವರು ಎಲ್ಲಾರಿಗೂ ಎರಡೆರಡು ಕೊಟ್ಟಾನಂತಲ್ಲೋ ತಮ್ಮಾ. ನನಗ ಒಂದು ಸಾಕು. ನಡಿ, ಹೋಗೋಣ."

ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಆಗ ಮಾಡಬೇಕಾದದ್ದು ಬೇರೆ ಏನೋ ಇತ್ತು. ನಾನು ನಕ್ಕೆ. ಬಾಯೊಳಗೆ ನೊರೆ ಹೋಗುವಷ್ಟು ನಕ್ಕೆ. ಅಕ್ಕ ನನ್ನನ್ನು ನೋಡಿದಳು, ಹೆಂಡತಿಯನ್ನು ನೋಡಿದಳು. ರೋಗ ತಲೆಗೆ ಏರಿದೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಲ್ಯಾಪ್‌ಟಾಪ್ ತಂದು, ಕೂರಿಸಿ, ನಾಟಿ ಬೇರೆ ಕಸಿ ಬೇರೆ ಎಂದು ಹೇಳಿ ತಿಳಿಸಲು ಅರ್ಧ ತಾಸು ಹಿಡಿಯಿತು. ತಿಳಿದ ಮೇಲೆ ಅಕ್ಕ ನಗಲಿಲ್ಲ.

"ನನ್ನ ಒಂದು ದಿನದ ಕೆಲಸ ಹಾಳು ಮಾಡ್ದಿ," ಅಂದು ಚಹಾ ಕುಡಿದಳು. ಎರಡು ರೊಟ್ಟಿ ತಿಂದಳು. ಹೋಗುವಾಗ ಹೆಂಡತಿಗೆ, "ಇವನ ಮಾತು ಕೇಳಿ ನನಗ ಫೋನ್ ಮಾಡಬ್ಯಾಡವ್ವಾ. ಸಣ್ಣವ ಇದ್ದಾಗಿಂದ ಹಿಂಗ ಅದಾನ," ಅಂದಳು.

ಅವಮಾನ ಕಿಡ್ನಿಗಳ ಮೇಲೆ ಸಿಟ್ಟಾಗಿ ತಿರುಗಿತು. ಈ ಸಲ ಕೆಲಸವನ್ನು ಶಾಸ್ತ್ರೋಕ್ತವಾಗಿ ಸಾಲು ಸಾಲಾಗಿ ಕಟ್ಟಿದೆ. ಮೊದಲ ಸಾಲು ಟ್ರಾನ್ಸ್‌ಪ್ಲಾಂಟ್, ಎರಡನೆಯದು ನೆಲ್ಲು, ಮೂರನೆಯದು ಮಹಿಳೆ, ಹೀಗೆ. ಪದದ ಕೊನೆಗೆ ಒಂದು ಚುಕ್ಕಿ ಹಾಕುವುದನ್ನೂ ಕಲಿತೆ. ನಕ್ಷತ್ರದಂಥ ಆ ಚುಕ್ಕಿ ಹಾಕಿದರೆ ಆ ಪದದ ಎಲ್ಲ ರೂಪಗಳೂ ಬಲೆಗೆ ಬೀಳುತ್ತವೆ. ಕೊನೆಗೆ ಏಳನೆಯ ಸಾಲಿನಲ್ಲಿ ಕಿಡ್ನಿಗಳು ಇನ್ನೆಂದೂ ತಲೆ ಎತ್ತದಂತೆ ಒಂದು ಗೋಡೆ ಕಟ್ಟಿ ಗುಂಡಿ ಒತ್ತಿದೆ. ಫಲಿತಾಂಶ ಸೊನ್ನೆ.

ಸೊನ್ನೆ ಬಂದಾಗ ಸಾಮಾನ್ಯ ಮನುಷ್ಯ ತಾನೇನು ತಪ್ಪು ಮಾಡಿದೆ ಎಂದು ನೋಡುತ್ತಾನೆ. ನಾನು ಹೆಂಡತಿಯನ್ನು ಕರೆದು ತೋರಿಸಿದೆ. "ನೋಡು, ಇಡೀ ಜಗತ್ತಿನಾಗ ಒಬ್ಬರೂ ಬರದಿಲ್ಲ. ನಾನೇ ಮೊದಲು."

"ಛಲೋ ಆತು ಬಿಡ್ರಿ, ಓದೋದು ತಪ್ಪಿತು," ಅಂದಳು ಆಕೆ.

ಎರಡು ವಾರದ ನಂತರ ದೇವದುರ್ಗದ ಒಂದು ಕಾಲೇಜಿನವರು ಸಂಶೋಧನೆಯ ಬಗ್ಗೆ ಮಾತಾಡಲು ಕರೆದರು. ಅಲ್ಲಿ ಶಾಲು ಹೊದಿಸಿದರು. ಮೈಕು ಕೈಗೆ ಬಂದರೆ ನಾನು ಬೇರೆಯೇ ಮನುಷ್ಯ. ನಮ್ಮ ತಾಯಂದಿರು ಕೆಸರಿನಲ್ಲಿ ನಿಂತು ದೇಶಕ್ಕೆ ಅನ್ನ ಕೊಡುತ್ತಿದ್ದಾರೆ, ಅವರ ಕೈಕಾಲಿನ ಬಗ್ಗೆ ಜಗತ್ತಿನ ಒಬ್ಬನೇ ಒಬ್ಬ ವಿಜ್ಞಾನಿ ಇಂದಿನವರೆಗೆ ಒಂದು ಸಾಲು ಬರೆದಿಲ್ಲ ಎಂದೆ. ಧ್ವನಿ ನಡುಗಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಪುರಾವೆಗೆಂದು ನನ್ನ ಏಳು ಸಾಲುಗಳನ್ನೂ ಕೆಳಗಿನ ಸೊನ್ನೆಯನ್ನೂ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ತೋರಿಸಿದೆ.

ಪ್ರಶ್ನೆ ಕೇಳುವ ಸಮಯದಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಆ ಕಾಲೇಜಿನ ಲೈಬ್ರರಿಯನ್. ಗೋಡೆಯನ್ನು ದಿಟ್ಟಿಸಿ ನೋಡಿದರು, ಏನೋ ಹೇಳಲು ಹೋಗಿ ತಡೆದುಕೊಂಡರು. "ಊಟದ ಟೈಮಿನಾಗ ಮಾತಾಡ್ತೀನ್ರಿ ಸರ್," ಅಂದರು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬಿಡಲಿಲ್ಲ. "ಸಂಕೋಚ ಬೇಡ, ಎಲ್ಲರಿಗೂ ಉಪಯೋಗ ಆಗ್ತದೆ, ಇಲ್ಲೇ ಕೇಳಿ," ಎಂದು ಧಾರಾಳವಾಗಿ ಕೈ ಚಾಚಿದೆ.

"ಹಂಗಲ್ರೀ... ಒಂದನೇ ಸಾಲಿನಾಗ ಟ್ರಾನ್ಸ್‌ಪ್ಲಾಂಟ್ ಬೇಕು ಅಂದೀರಿ. ಏಳನೇ ಸಾಲಿನಾಗ ಅದೇ ಪದಕ್ಕ ನಾಟ್ ಹಚ್ಚೀರಿ. ಬೇಕು ಅಂದದ್ದನ್ನ ನೀವೇ ಬ್ಯಾಡ ಅಂದೀರಲ್ರಿ. ಮತ್ತ ಏನು ಬರ್ತದ್ರಿ ಸರ್?"

ನಾನು ತಿರುಗಿ ಗೋಡೆಯನ್ನು ನೋಡಿದೆ. ಆಳೆತ್ತರದ ಅಕ್ಷರಗಳಲ್ಲಿ ಅದು ಅಲ್ಲೇ ಇತ್ತು. ಕಿಡ್ನಿ ಬೇಡ ಎಂದು ಬರೆಯುವುದನ್ನು ಬಿಟ್ಟು, ಸಿಟ್ಟಿನಲ್ಲಿ ನಾಟಿಯನ್ನೇ ಬೇಡ ಎಂದು ಬರೆದಿದ್ದೆ. ಅದೂ ಚುಕ್ಕಿ ಹಾಕಿ, ಅದರ ಒಂದು ರೂಪವೂ ಉಳಿಯದ ಹಾಗೆ. ಆ ಸಾಲನ್ನು ಅಳಿಸಿ ಎಲ್ಲರೆದುರಿಗೇ ಮತ್ತೆ ಗುಂಡಿ ಒತ್ತಬೇಕಾಯಿತು. ಪಟ್ಟಿ ಬಂತು. ಬೇರೆ ಬೇರೆ ದೇಶಗಳ ನೆಲ್ಲಿನ ಗದ್ದೆಗಳು ಒಂದರ ಕೆಳಗೊಂದು ಬಂದವು. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಆ ಶಾಲನ್ನು ಇವತ್ತಿಗೂ ಯಾರೂ ವಾಪಸು ಕೇಳಿಲ್ಲ.

ಊಟದ ಹೊತ್ತಿಗೆ ನಾನೇ ಅವರನ್ನು ಹುಡುಕಿಕೊಂಡು ಹೋದೆ. ಅವರ ತವರು ಕೃಷ್ಣಾ ದಂಡೆಯ ಗೂಗಲ್. "ಹುಡುಕೋದು ನಮ್ಮೂರಿನ ಹೆಸರಿನಾಗೇ ಅದ ಅಂತ ಎಲ್ಲಾರೂ ನಗ್ತಾರ್ರಿ," ಅಂದರು, ನಾನು ಆ ಹಾಸ್ಯ ಮಾಡುವ ಮೊದಲೇ. ಗಂಡನ ಮನೆ ಮಾನ್ವಿ. ದಿನಾ ಸಿರವಾರದ ಮೇಲಿಂದ ಬಸ್ಸಿನಲ್ಲಿ ಓಡಾಡುತ್ತಾರೆ. ಲೇಖನಗಳನ್ನು ಜಾಲಿಸುವ ಎರಡನೆಯ ವ್ಯಕ್ತಿ ನೀವಾಗುತ್ತೀರಾ ಎಂದು ಕೇಳಿದೆ. ಒಪ್ಪಿದರು, ಒಂದು ಷರತ್ತಿನ ಮೇಲೆ.

"ಆ ಸೊನ್ನೀನೂ ದಾಖಲೆದಾಗ ಇರಬೇಕ್ರಿ. ತಪ್ಪು ಹುಡುಕಾಟ ಅಂತ ಅಳಿಸಂಗಿಲ್ಲ."

ಅಳಿಸುವುದು ಹೇಗೆ ಎಂದು ಯೋಚಿಸುತ್ತಿದ್ದವನು ಆಗಲಿ ಎಂದೆ.

ಒಂದು ತಿಂಗಳು ಅವರು ಬಸ್ಸಿನಲ್ಲಿ, ನಾನು ಮನೆಯಲ್ಲಿ, ಅದೇ ಪಟ್ಟಿಯನ್ನು ಬೇರೆ ಬೇರೆಯಾಗಿ ಓದಿದೆವು. ಒಂದು ಭಾನುವಾರ ಮಾನ್ವಿಯ ಅವರ ಮನೆಗೆ ತಾಳೆ ನೋಡಲು ಹೋದೆ. ಅವರ ಯಜಮಾನರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟು, ಇದೇನು ಪರೀಕ್ಷೆ ಎಂದು ನೋಡಲು ಪಕ್ಕದಲ್ಲೇ ಕೂತರು. ಲೈಬ್ರರಿಯನ್ ಮೇಡಂ ಬೇಡ ಎಂದು ಹಾಕಿದ್ದ ಎಷ್ಟೋ ಲೇಖನಗಳನ್ನು ನಾನು ಬೇಕು ಎಂದು ಹಾಕಿದ್ದೆ. ಸೊನ್ನೆಯಿಂದ ಹೊರಬಂದವನಿಗೆ ಯಾವುದನ್ನೂ ಬಿಡಲು ಮನಸ್ಸಿರಲಿಲ್ಲ.

"ಇದನ್ನ ಯಾಕ ತಗೊಂಡೀರಿ ಸರ್?"

"ಗದ್ದೆ ಅದೆ, ಕೆಸರು ಅದೆ, ಹೆಣ್ಣು ಅಂತ ಅದೆ, ಕಾಲಿನ ಚರ್ಮ ಅಂತ ಅದೆಯಲ್ರೀ?"

"ಪೂರಾ ಓದ್ರಿ."

ಓದಿದೆ. ಎಮ್ಮೆ. ಯಜಮಾನರು ಮಿರ್ಚಿ ಕಚ್ಚಿದ್ದವರು ಹಾಗೇ ಎದ್ದು ಒಳಗೆ ಹೋದರು. ಅಲ್ಲಿಂದ ಕೆಮ್ಮಿನ ಥರದ ಶಬ್ದ ಬಹಳ ಹೊತ್ತು ಬಂತು.

ಎಮ್ಮೆಯನ್ನು ತೆಗೆದ ಮೇಲೂ ಮೇಡಂಗೆ ಸಮಾಧಾನವಿರಲಿಲ್ಲ. ನಮ್ಮ ಪದಗಳು ಕಡಿಮೆಯಾದವು, ತೊಂದರೆ ಎಂದರೆ ನಾವು ತುರಿಕೆ, ಗಾಯ ಎಂದಷ್ಟೇ ಹಾಕಿದ್ದೇವೆ ಎಂದರು. "ನೆಲ್ಲು ಹಚ್ಚೋ ಹೆಣ್ಮಕ್ಕಳನ್ನ ಯಾರನ್ನರೆ ಕೇಳೀರೇನ್ರಿ ಸರ್, ಅವರಿಗೆ ಏನೇನಾಗ್ತದ ಅಂತ?"

"ನನ್ನ ಅಕ್ಕನೇ ಹಚ್ತಾಳೆ."

ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕನೇ ಹಚ್ತಾರ? ಮತ್ತ ಕೇಳಿಲ್ಲ?"

ಕೇಳಿರಲಿಲ್ಲ. ಅವಳು ಖಾಲಿ ಹೊಟ್ಟೆಯಲ್ಲಿ ನನ್ನ ಮನೆಗೆ ಬಂದು ಅರ್ಧ ತಾಸು ಕೂತಿದ್ದಳು. ನಾನು ಆ ಅರ್ಧ ತಾಸೂ ಅವಳಿಗೆ ಲ್ಯಾಪ್‌ಟಾಪ್ ತೋರಿಸಿದೆ. ಚಪ್ಪಲಿ ಬಿಟ್ಟು ಒಳಗೆ ಬಂದವಳ ಕಾಲು ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಮಿರ್ಚಿ ಆರಿಹೋಗಿತ್ತು. ಮಾನ್ವಿಯಿಂದ ರಾಯಚೂರಿನ ಬಸ್ಸು ಹತ್ತುವ ಬದಲು ಪೋತ್ನಾಳದ ಬಸ್ಸು ಹತ್ತಿದೆ.

ಅಕ್ಕ ಗದ್ದೆಯಲ್ಲಿದ್ದಳು. ಹನ್ನೆರಡೂ ಜನ ಬುತ್ತಿ ಬಿಚ್ಚಿಕೊಂಡು ಬದುವಿನ ಮೇಲೆ ಕೂತಿದ್ದರು. ಬಂದ ಕಾರಣ ಹೇಳಿದೆ. ಅಕ್ಕ ಅವರಿಗೆಲ್ಲ, "ನನ್ನ ತಮ್ಮ, ರಾಯಚೂರಾಗ ನರ್ಸ್ ಮಂದಿಗೆ ಪಾಠ ಹೇಳ್ತಾನ, ಏನೋ ಕೇಳ್ತಾನಂತ," ಎಂದು ಪರಿಚಯಿಸಿದಳು. ನಾನು ನೋಟ್‌ಬುಕ್ ತೆರೆದು ಕೇಳಿದೆ: "ನಿಮಗೆ ಚರ್ಮಕ್ಕೆ ಸಂಬಂಧಿಸಿದ ಯಾವುದಾದರೂ ಸಮಸ್ಯೆಗಳಿವೆಯೇ?"

"ಇಲ್ರೀ ಸರ್," ಅಂದರು ಎಲ್ಲರೂ, ಒಂದೇ ದನಿಯಲ್ಲಿ.

ಅಕ್ಕ ನನ್ನ ಕಡೆ ನೋಡಿ ಹಣೆ ಬಡಿದುಕೊಂಡಳು. ಆಮೇಲೆ ಅವರ ಕಡೆ ತಿರುಗಿ, "ಏ, ಯಾರ್‍ಯಾರಿಗೆ ಕೆಸರು ಹುಣ್ಣು ಆಗ್ಯಾವ್ರೇ? ತೋರಸ್ರಿ ಇವಗ," ಅಂದಳು.

ಬದುವಿನ ಮೇಲೆ ಸಾಲಾಗಿ ಕಾಲುಗಳು ಚಾಚಿಕೊಂಡವು. ಬೆರಳ ಸಂದಿಯಲ್ಲಿ ಬೆಳ್ಳಗೆ ಬೆಂದ ಚರ್ಮ, ಕಪ್ಪಾಗಿ ಎದ್ದ ಉಗುರು, ಸೀಳಿದ ಹಿಮ್ಮಡಿ. ಒಬ್ಬಳು ಸಸಿ ಹಿಡಿಯುವ ಹೆಬ್ಬೆರಳನ್ನು ತೋರಿಸಿದಳು, ಅದಕ್ಕೆ ಉಗುರೇ ಇರಲಿಲ್ಲ. ಗೊಬ್ಬರ ಹಾಕಿದ ಮರುದಿನ ಇಳಿದರೆ ಮೊಣಕಾಲ ತನಕ ಉರಿಯುತ್ತದೆ ಎಂದಳು ಇನ್ನೊಬ್ಬಳು. ಒಬ್ಬಳು ವಯಸ್ಸಾದವಳು, ದಿನವೆಲ್ಲಾ ನೀರೇ ಕುಡಿಯುವುದಿಲ್ಲ, ಕುಡಿದರೆ ಮರೆಗೆ ಹೋಗಲು ಗಿಡ ಇಲ್ಲ, ಸಂಜೆಗೆ ಮೂತ್ರದಲ್ಲಿ ಉರಿ ಹತ್ತುತ್ತದೆ ಎಂದಳು.

"ಯವ್ವಾ, ಅದು ನನ್ನ ವಿಷಯದಾಗ ಬರಂಗಿಲ್ಲ. ನಂದು ಚರ್ಮ ಅಷ್ಟೇ," ಎಂದೆ.

"ಚರ್ಮ ಅಷ್ಟ ಓದ್ತೀಯೇನು ಯಪ್ಪಾ? ಒಳಗಿಂದು ಓದಾಕ ಬ್ಯಾರೆ ಯಾರರೆ ಬರ್ತಾರೇನು?" ಅಂದಳು ಅವಳು. ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದಳು. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದನ್ನೂ ಬರೆದುಕೊಂಡೆ.

ಅವರು ಹೇಳಿದ್ದನ್ನೆಲ್ಲ ಮೇಡಂಗೆ ಕೊಟ್ಟೆ. ಅವರು ಒಂದೊಂದಕ್ಕೂ ವೈದ್ಯರು ಬಳಸುವ ಪದ ಯಾವುದು, ರೈತರ ಪತ್ರಿಕೆಗಳಲ್ಲಿ ಏನೆನ್ನುತ್ತಾರೆ ಎಂದು ಹುಡುಕಿ ಸಾಲುಗಳನ್ನು ಹೊಸದಾಗಿ ಕಟ್ಟಿದರು. ಇನ್ನಷ್ಟು ಲೇಖನಗಳು ಸಿಕ್ಕವು, ರಾಶಿಯೇನಲ್ಲ. ಅಧ್ಯಾಯ ಬರೆದು ಮುಗಿಸುವಷ್ಟರಲ್ಲಿ ವರ್ಷ ಕಳೆದಿತ್ತು. ಗೈಡ್ ದಾಖಲೆ ಓದುತ್ತಾ ಸೊನ್ನೆಯ ಪುಟಕ್ಕೆ ಬಂದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದನ್ನ ಇಟ್ಟದ್ದು ಪ್ರಾಮಾಣಿಕತನ," ಅಂದರು. ಇಡಿಸಿದ್ದು ಮೇಡಂ ಎಂದು ಹೇಳಬೇಕಿತ್ತು. ಹೇಳಿದೆ, ಆದರೆ ಎರಡು ದಿನ ಆ ಹೊಗಳಿಕೆಯನ್ನು ಅನುಭವಿಸಿದ ಮೇಲೆ.

ಅಕ್ಕನಿಗೆ ಫೋನು ಮಾಡಿ, ಮುಗಿಯಿತು, ನಿಮ್ಮ ಹಾಗೇ ಬೇರೆ ದೇಶದ ಹೆಣ್ಣುಮಕ್ಕಳಿಗೂ ಆಗುತ್ತದೆಯಂತೆ ಎಂದೆ.

"ಅವರೂ ನಡ ಬಗ್ಗಿಸೇ ನೆಲ್ಲು ಹಚ್ತಾರೇನು?"

"ಹೂಂ, ಬಗ್ಗೇ ಹಚ್ತಾರ."

ಆಮೇಲೆ, "ಅವರು ಕಾಲಿಗೆ ಏನು ಹಚ್ಕೊಂತಾರ?" ಎಂದು ಕೇಳಿದಳು.

ನನ್ನ ದೊಡ್ಡ ಕೋಷ್ಟಕದಲ್ಲಿ ಯಾವ ದೇಶ, ಯಾವ ವರ್ಷ, ಎಷ್ಟು ಜನ, ಯಾವ ವಿಧಾನ ಎಲ್ಲಕ್ಕೂ ಕಾಲಂ ಇದ್ದವು. ಇದಕ್ಕೆ ಇರಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ಎಲ್ಲ ಲೇಖನಗಳನ್ನೂ ಮೊದಲಿನಿಂದ ತೆರೆದೆ. ಹೆಚ್ಚಿನವುಗಳಲ್ಲಿ ಆ ವಿಷಯವೇ ಇರಲಿಲ್ಲ. ಒಂದೆರಡರಲ್ಲಿ, ಕೊನೆಯ ಪುಟದಲ್ಲಿ, ಗದ್ದೆಗೆ ಇಳಿಯುವ ಮೊದಲು ಎಣ್ಣೆ ಸವರಿಕೊಳ್ಳುವುದು, ಸಂಜೆ ತೊಳೆದು ಬೆರಳ ಸಂದಿ ಒರೆಸಿ ಒಣಗಿಸುವುದು ಎಂದು ಎರಡು ಸಾಲು ಇತ್ತು. ಮರುದಿನ ಫೋನಿನಲ್ಲಿ ಅದನ್ನು ಕನ್ನಡ ಮಾಡಿ ಓದಿದೆ.

"ಎಣ್ಣಿ ನಾವೂ ಹಚ್ಕೊಂತೀವಿ," ಅಂದಳು ಅಕ್ಕ. "ಸಂದಿ ಒರಸ್ಕೊಳ್ಳಾಕ ಹೊತ್ತು ಸಿಗಂಗಿಲ್ಲ. ಇರ್ಲಿ, ನಮ್ಮವರಿಗೆ ಹೇಳ್ತೀನಿ."

ಆಮೇಲೆ, ಬಿಪಿ ಗುಳಿಗೆ ತಗೊಳ್ಳುತ್ತಿದ್ದೀಯೋ ಇಲ್ಲವೋ ಎಂದು ಕೇಳಿ, ಬಸ್ಸು ಬಂತು ಎಂದು ಫೋನ್ ಇಟ್ಟಳು.